ಕುರಿಗಾಹಿಯ ಕುದುರೆಗೂ ಒಂದು ಕಾಗದ ಬೇಕೆ?

ಹಿಂಗಾರಿ ಸುಗ್ಗಿ ಮುಗಿದು ಹೊಲದಲ್ಲಿ ಜೋಳದ ಕೂಳೆ ಮಾತ್ರ ಉಳಿದ ಹೊತ್ತಿಗೆ ನರಗುಂದ ಸೀಮೆಯ ಎರೆಭೂಮಿಗೆ ಹೊಸ ಒಕ್ಕಲು ಬರುತ್ತದೆ. ರೊಟ್ಟಿ ಜಾತ್ರೆಗೆ ಹೆಸರಾದ ಶಿರೋಳದ ಸುತ್ತ ಒಂದು ಮುಂಜಾನೆ ಎದ್ದು ನೋಡಿದರೆ, ನಿನ್ನೆ ಬಯಲಾಗಿದ್ದ ಹೊಲದಲ್ಲಿ ನೂರಾರು ಕುರಿ. ಬಲೆ ಕಟ್ಟಿ ತರುಬಿದ ಹಿಂಡು, ಮೂರು ಕಲ್ಲಿನ ಒಲೆ, ಕಂಬಳಿ ಹೊದ್ದು ಕೂತ ಹಿರಿಯ, ಬದುವಿನ ಮಗ್ಗುಲಲ್ಲಿ ಮುಂಗಾಲಿಗೆ ಹಗ್ಗ ಬಿಗಿಸಿಕೊಂಡು ಮೇಯುವ ಒಂದೆರಡು ಕುದುರೆ. ಹೊಲದವನಿಗೆ ಗೊಬ್ಬರ ಸಿಗುತ್ತದೆ, ಕುರಿಯವರಿಗೆ ಕಾಳೋ ಕಾಸೋ ಸಿಗುತ್ತದೆ. ನಾಲ್ಕಾರು ದಿನಕ್ಕೆ ಹಟ್ಟಿ ಮುಂದಿನ ಹೊಲಕ್ಕೆ ಏಳುತ್ತದೆ.

ಹಟ್ಟಿ ಏಳುವಾಗ ನೋಡಬೇಕು ಆ ಕುದುರೆಯನ್ನು. ಮೊದಲು ಕಂಬಳಿ ಮಡಿಸಿ ಬೆನ್ನಿಗೆ ಹಾಕುತ್ತಾರೆ. ಅದರ ಮೇಲೆ ಎರಡೂ ಕಡೆ ಹಿಟ್ಟಿನ ಚೀಲ, ಪಾತ್ರೆ, ನೀರಿನ ಕೊಡ, ತಾಡಪತ್ರಿ. ರಾತ್ರಿ ಈದ ಕುರಿಗಳ ಮರಿಗಳು ಜಾಳಿಗೆಯಲ್ಲಿ ಕೂತು ಮುಖ ಹೊರಗೆ ಹಾಕಿರುತ್ತವೆ. ಕಾಲು ಕಟ್ಟಿದ ಕೋಳಿ ಒಂದು ಕಡೆ ಜೋತಾಡುತ್ತದೆ. ಎಲ್ಲದರ ಮೇಲೆ, ನಡೆಯಲಾರದ ಕೂಸು. ಇಷ್ಟು ಹೊತ್ತ ಪ್ರಾಣಿಯ ಎತ್ತರ ಬೆಳೆದ ಗಂಡಸಿನ ಎದೆಮಟ್ಟ. ಊರವರು ಅದನ್ನು ತಟ್ಟು ಅನ್ನುತ್ತಾರೆ. ಅದರ ತಳಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಯಾವ ಕಾಗದವೂ ಇಲ್ಲ.

ಈಗ ಆ ಹಟ್ಟಿಯ ಹುಡುಗರ ಕೈಯಲ್ಲೂ ಮೊಬೈಲ್ ಇದೆ. ಅದರಲ್ಲಿ ಸೊಂಟದೆತ್ತರದ ಗೊಂಬೆಯಂಥ ಕುದುರೆಗಳು ಓಡಾಡುತ್ತವೆ. ವಿದೇಶದ ಮಿನಿಯೇಚರ್ ಕುದುರೆಗಳಂತೆ, ನೋಂದಣಿ ಪತ್ರ ಇದ್ದರೆ ಲಕ್ಷಗಟ್ಟಲೆ ಬೆಲೆಯಂತೆ ಎಂಬ ಮಾತು ಜೊತೆಗೇ ಬರುತ್ತದೆ. ಹಾಗಿದ್ದರೆ ನಮ್ಮ ತಟ್ಟಿಗೂ ಒಂದು ಕಾಗದ ಮಾಡಿಸಿದರೆ ಬೆಲೆ ಬಂದೀತೇ? ಮಾಡಿಸಿದ ಖರ್ಚಾದರೂ ಹುಟ್ಟೀತೇ? ತಟ್ಟು ಕಟ್ಟಿದವರಿಗೂ ತೋಟದ ಮನೆಗೆ ಪುಟ್ಟ ಕುದುರೆ ತರಬೇಕೆಂದಿರುವ ಊರಿನ ಅನುಕೂಲಸ್ಥರಿಗೂ ಇದು ನಿಜವಾದ ಪ್ರಶ್ನೆ. ಉತ್ತರ ಇಬ್ಬರಿಗೂ ಒಂದೇ ಅಲ್ಲ.

ಒಂದು ಹೆಸರು, ಮೂರು ಕೆಲಸ

ನೋಂದಣಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಗೊಂದಲವೆಲ್ಲ ಇಲ್ಲಿಂದಲೇ ಶುರು.

ಮೊದಲನೆಯದು ಗುರುತು: ಈ ಕುದುರೆ ಇದೇ ಕುದುರೆ, ಬೇರೆಯದಲ್ಲ ಎಂದು ಹೇಳುವ ಕಾಗದ. ಎರಡನೆಯದು ವಂಶ: ಇದರ ತಾಯಿ ಯಾರು, ತಂದೆ ಯಾರು, ಅವುಗಳ ಹೆತ್ತವರು ಯಾರು ಎಂಬ ದಾಖಲೆ. ಮೂರನೆಯದು ಒಂದು ಕುದುರೆಯದಲ್ಲ, ಇಡೀ ತಳಿಯದು: ಇಂಥ ಸೀಮೆಯಲ್ಲಿ ಇಂಥ ಲಕ್ಷಣದ ಕುದುರೆಗಳಿವೆ ಎಂದು ದೇಶದ ಪಟ್ಟಿಗೆ ಸೇರಿಸುವುದು. ಆಧಾರ್ ಕಾರ್ಡು, ಮನೆತನದ ವಂಶಾವಳಿ, ಊರಿನ ನಕಾಶೆ, ಈ ಮೂರಕ್ಕೂ ಇರುವಷ್ಟೇ ವ್ಯತ್ಯಾಸ ಇವಕ್ಕೂ ಇದೆ. ಆಧಾರ್ ಮಾಡಿಸಿದವನಿಗೆ ಹೊಲ ಬರುವುದಿಲ್ಲ, ನಕಾಶೆಯಲ್ಲಿ ಊರು ಬಂದ ಮಾತ್ರಕ್ಕೆ ಮನೆ ಕಟ್ಟಿದಂತಾಗುವುದಿಲ್ಲ.

ಮೊಬೈಲಿನ ಮಾತು ಈ ಮೂರನ್ನೂ ಕಲಸಿ ಒಂದೇ ಮಾಡಿ ಹೇಳುತ್ತದೆ. ಕಲಸಿದ್ದರಲ್ಲಿ ಲಾಭ ಮಾಡಿಕೊಳ್ಳುವವರು ದಲ್ಲಾಳಿಗಳು.

ಸುಳಿ ನೋಡುವ ಕಣ್ಣು

ಗುರುತಿನ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಎತ್ತಾಗಲಿ ಕುದುರೆಯಾಗಲಿ, ಕೊಳ್ಳುವ ಮುಂಚೆ ಹಿರಿಯರು ಸುಳಿ ನೋಡುತ್ತಾರೆ. ಹಣೆಯ ಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗ, ಕುತ್ತಿಗೆಯ ಎರಡೂ ಮಗ್ಗುಲು, ಎದೆ, ಪಕ್ಕೆ. ಇಂಥ ಸುಳಿ ಇದ್ದರೆ ಮನೆಗೆ ಒಳಿತು, ಇಂಥದು ಕೇಡು ಎಂಬ ಲೆಕ್ಕಾಚಾರ ಅದರ ಹಿಂದೆ ಇದೆ. ಒಳಿತು ಕೇಡಿನ ಮಾತನ್ನು ನಂಬುವುದೂ ಬಿಡುವುದೂ ಅವರವರಿಗೆ ಬಿಟ್ಟದ್ದು. ಆದರೆ ಜಗತ್ತಿನ ಕುದುರೆ ನೋಂದಣಿ ಕಚೇರಿಗಳು ಬರೆದುಕೊಳ್ಳುವುದೂ ಇದೇ ಸುಳಿಗಳನ್ನು.

ಒಂದು ಗುರುತಿನ ಪತ್ರವನ್ನು ತುಂಬುವ ಕ್ರಮ ಹೀಗಿದೆ. ಹಾಳೆಯ ಮೇಲೆ ಕುದುರೆಯ ಬರಿ ರೇಖೆಯ ಚಿತ್ರ ಇರುತ್ತದೆ: ಎಡಮಗ್ಗುಲು, ಬಲಮಗ್ಗುಲು, ಮುಖ, ನಾಲ್ಕು ಕಾಲುಗಳ ಹಿಂಭಾಗ. ಪಶುವೈದ್ಯರು ಕುದುರೆಯ ಎದುರು ನಿಂತು ಹಣೆಯ ಸುಳಿ ಕಣ್ಣಿನ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ, ಒಂದೇ ಇದೆಯೋ ಎರಡಿವೆಯೋ ನೋಡಿ ಅದೇ ಜಾಗದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಕುತ್ತಿಗೆಯ ಸುಳಿಗಳು. ಹಣೆಯ ಬಿಳಿ ಚುಕ್ಕೆಯ ಅಂಚು ಎಲ್ಲಿ ವಾಲಿದೆ, ಯಾವ ಕಾಲಿನ ಬಿಳುಪು ಗೊರಸಿನಿಂದ ಎಷ್ಟು ಮೇಲೆ ಏರಿದೆ, ಗಾಯದ ಕಲೆ ಇದೆಯೇ? ಕಾಲಿನ ಒಳಮೈಯಲ್ಲಿ ಗಂಟಿನಂತೆ ಒರಟಾಗಿ ಬೆಳೆದ ಕೊಂಬಿನ ತುಣುಕನ್ನೂ ಬಿಡುವುದಿಲ್ಲ, ಅದರ ಆಕಾರವೂ ಕುದುರೆಯಿಂದ ಕುದುರೆಗೆ ಬೇರೆ. ಬಣ್ಣ ವಯಸ್ಸಿನೊಂದಿಗೆ ಬದಲಾಗುತ್ತದೆ, ಮರಿಯಾಗಿದ್ದಾಗ ಕಪ್ಪಿದ್ದುದು ಬೆಳೆದು ಬೂದಿಯಾಗಬಹುದು. ಸುಳಿ ಮಾತ್ರ ಹುಟ್ಟಿದಲ್ಲೇ ಇರುತ್ತದೆ.

ಇದರ ಜೊತೆಗೆ ಈಗ ಮೈಕ್ರೋಚಿಪ್ ಬಂದಿದೆ. ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ. ಕುತ್ತಿಗೆಯ ಎಡಮಗ್ಗುಲಲ್ಲಿ, ಕೂದಲಿನ ಸಾಲಿಗಿಂತ ಕೆಳಗೆ, ಸೂಜಿಯಿಂದ ಒಳಗೆ ಇಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರ ಹತ್ತಿರ ಹಿಡಿದಾಗ ಮಾತ್ರ 15 ಅಂಕಿಯ ಸಂಖ್ಯೆ ತೋರುತ್ತದೆ. ಕುದುರೆ ಎಲ್ಲಿದೆ ಎಂದು ಅದು ಹೇಳಲಾರದು. ಕಳುವಾದ ಕುದುರೆಯನ್ನು ಮೊಬೈಲಿನಲ್ಲಿ ಹುಡುಕಬಹುದು ಎಂದು ಯಾರಾದರೂ ಚಿಪ್ ಮಾರಲು ಬಂದರೆ ನಂಬಬೇಡಿ. ಸಿಕ್ಕ ಕುದುರೆ ಯಾರದು ಎಂದು ಸಾಬೀತು ಮಾಡುವುದಷ್ಟೇ ಅದರ ಕೆಲಸ.

34 ಇಂಚಿನ ಗೆರೆ

ಮಿನಿಯೇಚರ್ ಕುದುರೆಯ ಕಾಗದ ಇದಕ್ಕಿಂತ ಬೇರೆ. ಅಮೆರಿಕದಲ್ಲಿ ಇದಕ್ಕೆ ಎರಡು ದೊಡ್ಡ ಪುಸ್ತಕಗಳಿವೆ. 1888ರಷ್ಟು ಹಿಂದೆಯೇ ಹುಟ್ಟಿದ ಶೆಟ್‌ಲ್ಯಾಂಡ್ ಪೋನಿ ಕ್ಲಬ್ಬಿನ ಆಸರೆಯಲ್ಲಿ 1972ರಲ್ಲಿ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿ ಶುರುವಾಯಿತು. 1978ರಲ್ಲಿ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಎಂಬ ಮತ್ತೊಂದು ಸಂಸ್ಥೆ ಹುಟ್ಟಿತು. ಎರಡನೆಯದರ ನಿಯಮದಲ್ಲಿ ಕುದುರೆ 34 ಇಂಚು ಮೀರುವಂತಿಲ್ಲ. ಮೊದಲನೆಯದು 34ರವರೆಗೆ ಒಂದು ವರ್ಗ, 34ರಿಂದ 38ರವರೆಗೆ ಇನ್ನೊಂದು ವರ್ಗ ಎಂದು ಮಾಡಿಕೊಂಡಿದೆ.

ದೊಡ್ಡ ಕುದುರೆಗಳನ್ನು ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ತುದಿಗೆ ಅಳೆಯುತ್ತಾರೆ. ಇವುಗಳನ್ನು ಕುತ್ತಿಗೆಯ ಕೂದಲಿನ ಕಡೆಯ ಎಳೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅಳೆಯುತ್ತಾರೆ. ಮರಿ ಹುಟ್ಟಿದಾಗ ಸಿಗುವುದು ತಾತ್ಕಾಲಿಕ ಪತ್ರ. 34 ಇಂಚಿನ ನಿಯಮದ ಸಂಸ್ಥೆಯಲ್ಲಿ ಐದು ವರ್ಷ ತುಂಬಿದ ಮೇಲೆ ಮತ್ತೆ ಅಳತೆ, ಆಗಲೂ ಗೆರೆಯೊಳಗಿದ್ದರೆ ಕಾಯಂ ಪತ್ರ. ಅರ್ಧ ಇಂಚು ಹೆಚ್ಚಾದರೂ ಅಪ್ಪ ಅಮ್ಮ ಇಬ್ಬರ ಕಾಗದವೂ ಸರಿಯಿದ್ದ ಕುದುರೆ ಆ ಪುಸ್ತಕದಿಂದ ಹೊರಗೆ. ತಡಮಾಡಿದಷ್ಟೂ ಶುಲ್ಕ ಏರುತ್ತದೆ. ಹೆತ್ತವರ ಡಿಎನ್‌ಎ ಪರೀಕ್ಷೆಯ ಖರ್ಚು ಬೇರೆ.

ಇಷ್ಟು ಖರ್ಚನ್ನು ಅಲ್ಲಿಯವರು ಮಾಡುವುದೇಕೆ? ಅಲ್ಲಿ ಆ ಕಾಗದಕ್ಕೆ ಮಾರುಕಟ್ಟೆ ಇದೆ. ಪ್ರದರ್ಶನದ ಕಣಕ್ಕೆ ಇಳಿಯಲು ಕಾಗದ ಬೇಕು, ಗೆದ್ದ ಗಂಡಿನ ಮರಿಗೆ ಹೆಚ್ಚು ಬೆಲೆ ಬರಲು ಕಾಗದ ಬೇಕು. ಮರಿ ಮಾಡಿಸದ, ಪ್ರದರ್ಶನಕ್ಕೆ ಕರೆದೊಯ್ಯದ, ಅಂಗಳದಲ್ಲಿ ಮಕ್ಕಳ ಜೊತೆ ಇರುವ ಬೀಜ ಒಡೆದ ಗಂಡಿಗೆ ಆ ಕಾಗದದಿಂದ ಬರುವುದು ಏನೂ ಇಲ್ಲ.

ಆದರೆ ಒಂದು ವಿಷಯದಲ್ಲಿ ವಂಶದ ದಾಖಲೆ ಜೀವ ಉಳಿಸುತ್ತದೆ. ಕುಳ್ಳತನಕ್ಕಾಗಿಯೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಈ ಕುದುರೆಗಳಲ್ಲಿ ಮೂಳೆ ಬೆಳೆಯದ ಕುಬ್ಜತೆಯ ದೋಷ ಒಳಗೊಳಗೇ ಹರಿಯುತ್ತದೆ. ದೋಷ ಹೊತ್ತ ತಾಯಿ ತಂದೆ ನೋಡಲು ಆರೋಗ್ಯವಾಗೇ ಇರುತ್ತವೆ. ಅಂಥ ಎರಡು ಸೇರಿದಾಗ ಹುಟ್ಟುವ ಮರಿಯ ಕಾಲು ಸೊಟ್ಟ, ದವಡೆ ಮುಂದೆ, ಉಸಿರಾಟ ಕಷ್ಟ. ಕೆಲವು ಹೊಟ್ಟೆಯಲ್ಲೇ ಸಾಯುತ್ತವೆ. ಯಾವ ವಂಶದಲ್ಲಿ ಈ ದೋಷವಿದೆ ಎಂದು ಡಿಎನ್‌ಎ ಹೇಳಬಲ್ಲದು, ಆದರೆ ವಂಶ ಯಾವುದೆಂದು ಬರೆದಿಟ್ಟಿದ್ದರೆ ಮಾತ್ರ ಅದು ಮುಂದಿನವರಿಗೆ ಉಪಯೋಗ. ನಮ್ಮಲ್ಲಿ ಪುಟ್ಟ ಕುದುರೆ ಕೊಳ್ಳುವವರು ಕೇಳಬೇಕಾದ್ದು ಈ ಮಾತನ್ನು. ಕೇಳುವುದು ಎತ್ತರವನ್ನು ಮಾತ್ರ.

ಎತ್ತರದ್ದೂ ಮೋಸವೇ. ಹಾಲು ಬಿಟ್ಟ ಸಾಮಾನ್ಯ ತಟ್ಟಿನ ಮರಿಯನ್ನು ಬೆಳೆದ ಮಿನಿಯೇಚರ್ ಎಂದು ಮಾರುವುದು ಕಷ್ಟವೇನಲ್ಲ. ಹೊಟ್ಟೆಗಿಲ್ಲದೆ ಸೊರಗಿ ಕುಳ್ಳಾದದ್ದನ್ನು ದಾಟಿಸುವುದೂ ಸುಲಭ. ಬಾಯಿ ತೆರೆಸಿ ಹಲ್ಲು ನೋಡಿ. ಮುಂದಿನ ಹಾಲುಹಲ್ಲೆಲ್ಲ ಬಿದ್ದು ಕಾಯಂ ಹಲ್ಲು ಪೂರ್ತಿ ಬರುವುದು ಐದರ ಸುಮಾರಿಗೆ. ಹಾಲುಹಲ್ಲು ಇನ್ನೂ ಇದ್ದರೆ ಕುದುರೆ ಇನ್ನೂ ಬೆಳೆಯುತ್ತದೆ, ಮಾರುವವನು ಯಾವ ಕಾಗದ ತೋರಿಸಿದರೂ ಸರಿ.

ಕುಣಿಗಲ್ಲಿನ ಕುದುರೆಗೆ ಕಾಗದವೇ ಕಾಲು

ಕರ್ನಾಟಕದಲ್ಲಿ ಕಾಗದದ ಮೇಲೇ ನಿಂತ ಕುದುರೆಗಳೂ ಇವೆ. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಬಂದದ್ದು. ಅಲ್ಲಿ ಹುಟ್ಟಿ ಬೆಂಗಳೂರು, ಮೈಸೂರಿನ ರೇಸ್‌ಕೋರ್ಸಿಗೆ ಹೋದ ಥರೋಬ್ರೆಡ್ ಕುದುರೆಯ ತಾಯಿ ತಂದೆಯ ಹೆಸರು ಪುಣೆಯ ಸ್ಟಡ್ ಬುಕ್ ಅಥಾರಿಟಿಯ ಪುಸ್ತಕದಲ್ಲಿ ಇರಲೇಬೇಕು. ಇಂಗ್ಲೆಂಡಿನಲ್ಲಿ 1791ರಲ್ಲಿ ಶುರುವಾದ ವಂಶ ಪುಸ್ತಕದ ಪರಂಪರೆ ಇದು. ಎಷ್ಟೇ ವೇಗವಾಗಿ ಓಡಲಿ, ಪುಸ್ತಕದಲ್ಲಿ ಹೆಸರಿಲ್ಲದ ಕುದುರೆ ಆ ಕಣದಲ್ಲಿ ಓಡುವಂತೆಯೇ ಇಲ್ಲ. ಇಲ್ಲಿ ನೋಂದಣಿ ಖರ್ಚಿನ ಪ್ರಶ್ನೆಯೇ ಹುಟ್ಟುವುದಿಲ್ಲ.

ಶಿರೋಳದ ಹೊಲದಲ್ಲಿ ನಿಂತ ತಟ್ಟಿಗೆ ಕಾಗದವಿಲ್ಲದಿದ್ದರೂ ಹಿಟ್ಟಿನ ಚೀಲ ಹೊರುವ ಕೆಲಸ ನಿಲ್ಲುವುದಿಲ್ಲ. ಒಂದೊಂದು ತಟ್ಟಿಗೂ ವಂಶಾವಳಿ ಮಾಡಿಸಿ ಎಂದು ಕುರಿಗಾಹಿಗೆ ಹೇಳುವುದು ಅವನ ಜೇಬಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಮೂರನೆಯ ಬಗೆಯ ನೋಂದಣಿ, ತಳಿಯದು, ಅದರ ಕತೆ ಬೇರೆ.

ಭೀಮೆಯ ಆಚೆಗೆ ಆದದ್ದು

ಹರಿಯಾಣದ ಕರ್ನಾಲದಲ್ಲಿ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಇದೆ. ದೇಶದ ದನ, ಎಮ್ಮೆ, ಕುರಿ, ಆಡು, ಕೋಳಿ, ನಾಯಿ, ಕುದುರೆ ಎಲ್ಲದರ ತಳಿಪಟ್ಟಿ ಇಡುವುದು ಅದರ ಕೆಲಸ. ಬಹಳ ಕಾಲ ಆ ಪಟ್ಟಿಯಲ್ಲಿ ಕುದುರೆಗಳೆಂದರೆ ಉತ್ತರದವು, ಪಶ್ಚಿಮದವು, ಹಿಮಾಲಯದವು: ಮಾರವಾಡಿ, ಕಾಠಿಯಾವಾಡಿ, ಕಛ್ಛಿ-ಸಿಂಧಿ, ಸ್ಪಿತಿ, ಝನ್‌ಸ್ಕಾರಿ, ಭುಟಿಯಾ, ಮಣಿಪುರಿ. ದಖ್ಖನ್ನಿನ ಒಂದೂ ಇರಲಿಲ್ಲ. ಮರಾಠರ ದಂಡು ಯಾವ ಕುದುರೆಯ ಮೇಲೆ ದೇಶ ಸುತ್ತಿತೋ ಆ ಕುದುರೆಗೇ ದೇಶದ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಕೆಲವೇ ವರ್ಷಗಳ ಹಿಂದೆ ಎಂಟನೆಯದಾಗಿ ಭೀಮಥಡಿ ಸೇರಿತು. ಭೀಮಾ ನದಿಯ ದಂಡೆಯ ಕುದುರೆ. ಪುಣೆ, ಸೊಲ್ಲಾಪುರ, ಸಾತಾರಾ, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಕಡೆಯ ಧನಗರರು ಕುರಿ ಹಿಂಡಿನ ಜೊತೆ ಸಂಸಾರ ಹೊರಿಸಿಕೊಂಡು ಹೋಗುವ ತಟ್ಟು ಅದು. ಆ ಸಾಲನ್ನು ಓದಿದಾಗ ನರಗುಂದದ ಎರೆಹೊಲ ಕಣ್ಣ ಮುಂದೆ ಬರದೆ ಇರುವುದಿಲ್ಲ. ಅದೇ ಕೆಲಸ, ಅದೇ ಹೊರೆ, ಅದೇ ದಖ್ಖನ್ನಿನ ಕರಿ ಕುರಿ. ಭೀಮೆ ಮಹಾರಾಷ್ಟ್ರದಲ್ಲಿ ನಿಲ್ಲುವುದಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಯನ್ನು ಹಾದು ಕೃಷ್ಣೆಗೆ ಸೇರುತ್ತದೆ. ಕುರಿ ಹಿಂಡಿಗೂ ಕುದುರೆಗೂ ರಾಜ್ಯದ ಗಡಿ ಗೊತ್ತಿಲ್ಲ. ಆದರೂ ತಳಿಯ ತವರು ಎಂದು ಬರೆದಿರುವುದು ಗಡಿಯಾಚೆಯ ಜಿಲ್ಲೆಗಳನ್ನು ಮಾತ್ರ.

ತಳಿಯೊಂದು ಪಟ್ಟಿಗೆ ಸೇರುವುದು ಅರ್ಜಿ ಕೊಟ್ಟ ಮಾತ್ರಕ್ಕೆ ಅಲ್ಲ. ತವರು ಪ್ರದೇಶದ ನಕಾಶೆ, ಅಂದಾಜು ಸಂಖ್ಯೆ, ನೂರಾರು ಪ್ರಾಣಿಗಳ ಮೈಅಳತೆ, ಬಣ್ಣ, ಸಾಕುವ ರೀತಿ, ಮಾಡುವ ಕೆಲಸ, ಕೊನೆಗೆ ರಕ್ತದ ಡಿಎನ್‌ಎ ಪರೀಕ್ಷೆ, ಅಕ್ಕಪಕ್ಕದ ತಳಿಗಳಿಗಿಂತ ಇದು ಬೇರೆ ಎಂಬ ಪುರಾವೆ. ಇದನ್ನೆಲ್ಲ ಮಾಡುವವರು ವಿಶ್ವವಿದ್ಯಾಲಯದವರು, ಇಲಾಖೆಯವರು, ಸಾಕುವವರ ಸಂಘದವರು. ಸಮಿತಿ ಒಪ್ಪಿದ ಮೇಲೆ ತಳಿಗೊಂದು ಸಂಖ್ಯೆ ಸಿಗುತ್ತದೆ. 2019ರಿಂದ ಈಚೆಗೆ ರಾಜಪತ್ರದಲ್ಲೂ ಪ್ರಕಟವಾಗುತ್ತದೆ.

ಕುರಿಗಾಹಿ ಇದಕ್ಕೆ ಕೊಡಬೇಕಾದ್ದು ಅರ್ಧ ದಿನದ ಹೊತ್ತು, ಕುದುರೆಯ ಒಂದಿಷ್ಟು ರಕ್ತ, ತನಗೆ ಗೊತ್ತಿದ್ದ ಮಾತು.

ಪಟ್ಟಿಯಲ್ಲಿದ್ದೂ ಸೊರಗಿದವು

ಹೆಸರು ಪಟ್ಟಿಗೆ ಬಂದರೆ ತಳಿ ಉಳಿಯಿತು ಎಂದು ತಿಳಿಯುವವರು ನರಗುಂದದ ಎತ್ತಿನ ಕಡೆ ನೋಡಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಣಿವೆಯ ಈ ಅಂಟುವ ಎರೆಮಣ್ಣನ್ನು ಉಳಲೆಂದೇ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಗೀರ್, ಓಂಗೋಲ್, ಕಾಂಕ್ರೇಜ್ ರಕ್ತ ಬೆರೆಸಿ ಕೃಷ್ಣಾ ವ್ಯಾಲಿ ಎಂಬ ಭಾರೀ ಗಾತ್ರದ ದನದ ತಳಿ ಮಾಡಿಸಿದರು. ಆ ತಳಿ ರಾಷ್ಟ್ರೀಯ ಪಟ್ಟಿಯಲ್ಲಿದೆ, ಸಂಖ್ಯೆಯೂ ಇದೆ. ಹೊಲದಲ್ಲಿ ಹುಡುಕಿದರೆ ಅಪರೂಪಕ್ಕೆ ಒಂದು ಜೋಡಿ. ಟ್ರ್ಯಾಕ್ಟರ್ ಬಂದ ಮೇಲೆ ಅಷ್ಟು ದೊಡ್ಡ ಹೊಟ್ಟೆಗೆ ಮೇವು ಹಾಕಿ ಕಟ್ಟಿಕೊಳ್ಳುವವರು ಯಾರು? ಕಾಗದ ಎತ್ತಿಗೆ ಕೆಲಸ ಕೊಡಲಿಲ್ಲ.

ಮಣಿಪುರಿ ಕುದುರೆಯದೂ ಇದೇ ಪಾಡು. ಜಗತ್ತಿಗೆ ಪೋಲೋ ಆಟ ಕೊಟ್ಟ ಪುಟ್ಟ ಕುದುರೆ ಅದು. 2003ರ ಗಣತಿಯಲ್ಲಿ 1,900ರ ಸುಮಾರು ಇದ್ದದ್ದು 2012ರಲ್ಲಿ 1,100ಕ್ಕೆ ಇಳಿಯಿತು. ಹೆಸರಿಗೆ, ಮಾನಕ್ಕೆ ಕೊರತೆಯಿರಲಿಲ್ಲ. ಇಂಫಾಲದ ಸುತ್ತ ಅದು ಮೇಯುತ್ತಿದ್ದ ಜೌಗು ಬಯಲು ಕರಗಿತು.

ಇಡೀ ದೇಶದ ಲೆಕ್ಕವೂ ಕಳವಳ ಹುಟ್ಟಿಸುವಂಥದು. 2012ರಲ್ಲಿ 6 ಲಕ್ಷ ದಾಟಿದ್ದ ಕುದುರೆ, ತಟ್ಟುಗಳು 2019ರ ಜಾನುವಾರು ಗಣತಿಯಲ್ಲಿ 3.4 ಲಕ್ಷಕ್ಕೆ ಬಂದವು. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ನಮ್ಮ ಕಡೆ ಕುರಿ ಹಟ್ಟಿಯವರೂ ಈಗ ಸಾಮಾನಿಗೆ ಟಂಟಂ, ಪಿಕಪ್ ಹಿಡಿಯುತ್ತಾರೆ. ಮಲಪ್ರಭಾ ಕಾಲುವೆ ಬಂದ ಮೇಲೆ ಎರಡನೇ ಬೆಳೆ ಹೆಚ್ಚಿ, ಕೂಳೆ ಬಿಟ್ಟ ಹೊಲ ಕಡಿಮೆಯಾಯಿತು. ಡಾಂಬರು ರಸ್ತೆ ಇಲ್ಲದ ಅಡ್ಡದಾರಿಯಲ್ಲಿ, ಮಳೆ ಬಿದ್ದು ಗಾಲಿ ಹೂತು ಹೋಗುವ ಎರೆಯಲ್ಲಿ ಮಾತ್ರ ತಟ್ಟನ್ನು ಬಿಟ್ಟರೆ ಗತಿಯಿಲ್ಲ.

ಇದಕ್ಕೆ ಉಲ್ಟಾ ಒಂದು ಕತೆ ಮಲಪ್ರಭೆ ದಾಟಿ ಉತ್ತರಕ್ಕೆ ಹೋದರೆ ಸಿಗುತ್ತದೆ. ಮುಧೋಳದ ಬೇಟೆನಾಯಿ ಒಂದು ಕಾಲಕ್ಕೆ ಬೇಡರ, ಕುರುಬರ ಹಟ್ಟಿಯ ನಾಯಿ. ಘೋರ್ಪಡೆ ಅರಸರು ಅದನ್ನು ಆರಿಸಿ ಬೆಳೆಸಿದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಆಯಿತು. 2016ರಲ್ಲಿ ಮರಿಗಳು ಮೇರಠ್‌ನ ಸೇನಾ ಕೇಂದ್ರಕ್ಕೆ ಹೋದವು. ಕರ್ನಾಲದ ಪಟ್ಟಿಯಲ್ಲಿ ಜಾಗ ಪಡೆದ ಮೊದಲ ಮೂರು ನಾಯಿ ತಳಿಗಳಲ್ಲಿ ಇದೂ ಒಂದು. ಇವತ್ತು ಮುಧೋಳದ ಸುತ್ತಿನ ಎಷ್ಟೋ ಮನೆಗಳಿಗೆ ಮರಿ ಮಾರಾಟ ಒಂದು ಆದಾಯ. ಇಲ್ಲಿ ಕಾಗದ ಕೆಲಸ ಮಾಡಿತು. ಏಕೆಂದರೆ ಕಾಗದದ ಜೊತೆಗೆ ಕೊಳ್ಳುವವನು ಇದ್ದ, ಹತ್ತಿರದಲ್ಲೇ ನೋಡಿಕೊಳ್ಳುವ ಕೇಂದ್ರ ಇತ್ತು, ನಾಯಿ ಮಾಡುವ ಕೆಲಸಕ್ಕೆ ಹೊಸ ಜಾಗವೂ ಸಿಕ್ಕಿತು.

ರೂಪಾಯಿ ಲೆಕ್ಕ

ಈಗ ತಟ್ಟಿನ ಒಡೆಯನ ಲೆಕ್ಕಕ್ಕೆ ಬರೋಣ. ಗುರುತಿನ ಚಿಪ್ಪಿನಿಂದ ಅವನಿಗೆ ಸಿಗುವ ನೇರ ಲಾಭ ಎಂದರೆ ವಿಮೆ. ಗುರುತಿಲ್ಲದ ಪ್ರಾಣಿಗೆ ಯಾವ ಕಂಪನಿಯೂ ವಿಮೆ ಮಾಡುವುದಿಲ್ಲ, ಮಾಡಿದರೂ ಸತ್ತದ್ದು ಇದೇ ಪ್ರಾಣಿ ಎಂದು ಸಾಬೀತಾಗದೆ ಹಣ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿನ ನಿಯಮ ಬದಲಿಸಿತು. ಸಾಕುವವರು ಕಟ್ಟಬೇಕಾದ ವಿಮಾ ಕಂತಿನ ಪಾಲು ಶೇ 15ಕ್ಕೆ ಇಳಿಯಿತು. ಉಳಿದದ್ದು ಕೇಂದ್ರ, ರಾಜ್ಯಗಳದು. ತಟ್ಟಿನ ಬೆಲೆ 40,000 ರೂಪಾಯಿ, ವಾರ್ಷಿಕ ಕಂತು ನೂರಕ್ಕೆ 4 ಎಂದು ಅಂದುಕೊಂಡರೆ ಒಟ್ಟು ಕಂತು 1,600, ಅದರಲ್ಲಿ ಒಡೆಯನ ಕೈಯಿಂದ ಹೋಗುವುದು 240. ರಾತ್ರಿ ಹೆದ್ದಾರಿ ದಾಟುವಾಗ ಲಾರಿ ಬಡಿದು, ಹಾವು ಕಚ್ಚಿ, ಹೊಟ್ಟೆಶೂಲೆ ಬಂದು ತಟ್ಟು ಸತ್ತ ದಿನ ಈ 240 ರೂಪಾಯಿ ಏನೆಂದು ತಿಳಿಯುತ್ತದೆ.

ರಾಜ್ಯ ಸರ್ಕಾರದ ಅನುಗ್ರಹ ಯೋಜನೆ ಕುರಿ, ಆಡು, ದನ, ಎಮ್ಮೆ ಸತ್ತರೆ ಪರಿಹಾರ ಕೊಡುತ್ತದೆ. ಬೆಳೆದ ಕುರಿಗೆ 5,000 ರೂಪಾಯಿ ಇದ್ದದ್ದು 2025ರಲ್ಲಿ 7,500 ಆಯಿತು. ಆ ಕುರಿಯ ಮರಿಯನ್ನು ಬೆನ್ನ ಮೇಲೆ ಹೊತ್ತು ಬರುವ ಕುದುರೆ ಮಾತ್ರ ಆ ಸಾಲಿನಲ್ಲಿ ಇಲ್ಲ. ಹಟ್ಟಿಯ ಪ್ರಾಣಿಗಳಲ್ಲೇ ಅತಿ ಬೆಲೆಯುಳ್ಳದ್ದು ಹೀಗೆ ಲೆಕ್ಕದಿಂದ ಹೊರಗುಳಿಯುವುದು ಸರಿಯಲ್ಲ.

ಗುರುತಿಗೆ ಇನ್ನೊಂದು ಕಾರಣ ರೋಗ. ಕುದುರೆಗೆ ಬರುವ ಗ್ಲಾಂಡರ್ಸ್ ಮನುಷ್ಯನಿಗೂ ಹತ್ತುವ ಕಾಯಿಲೆ. ಒಂದು ಕುದುರೆಯಲ್ಲಿ ಕಂಡರೆ 2009ರ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ಕೊಲ್ಲಲೇಬೇಕು, ಸುತ್ತಲಿನ ಕುದುರೆಗಳ ರಕ್ತ ಪರೀಕ್ಷೆ ಆಗಬೇಕು, ಓಡಾಟ ನಿಲ್ಲಬೇಕು. ಚಿಪ್ಪಿನ ಸಂಖ್ಯೆ ಇದ್ದರೆ ಪರೀಕ್ಷೆಯ ಫಲ ಆ ಕುದುರೆಗೇ ಅಂಟಿಕೊಂಡಿರುತ್ತದೆ. ಇಲ್ಲದಿದ್ದರೆ ಪ್ರತಿ ಊರಿನ ಗಡಿಯಲ್ಲೂ ಹೊಸದಾಗಿ ಅನುಮಾನ. ದಿನಕ್ಕೊಂದು ಊರು ದಾಟುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ಶುಲ್ಕಕ್ಕಿಂತ ದೊಡ್ಡ ಖರ್ಚು ಒಂದಿದೆ, ಯಾವ ರಸೀದಿಯಲ್ಲೂ ಕಾಣದ್ದು. ತಾಲ್ಲೂಕು ಆಸ್ಪತ್ರೆಗೆ ಕುದುರೆ ಹೊಡೆದುಕೊಂಡು ಹೋಗಿ ಬರುವ ದಿನ ಹಿಂಡು ಕಾಯುವ ಒಂದು ಕೈ ಕಡಿಮೆ. ವೈದ್ಯರು ಸಿಗದಿದ್ದರೆ ಮರುದಿನ ಮತ್ತೆ. ಅಷ್ಟರಲ್ಲಿ ಹಟ್ಟಿ ಬೇರೆ ಹೊಲಕ್ಕೆ ಎದ್ದಿರುತ್ತದೆ. ಹೀಗಾಗಿ ಚಿಪ್ ಹಾಕುವವರು ಹಟ್ಟಿಗೇ ಬರಬೇಕು. ಲಸಿಕೆ ಹಾಕಲು ಕುರಿಯ ಬಳಿಗೆ ಬರುವ ದಿನವೇ ಕುದುರೆಯ ಕೆಲಸವನ್ನೂ ಮುಗಿಸಿದರೆ ಇಬ್ಬರಿಗೂ ದಾರಿಖರ್ಚು ಉಳಿಯುತ್ತದೆ.

ಯಾರು ಹೊರಬೇಕು ಈ ಖರ್ಚು?

ಮೇಲೆ ಹೇಳಿದ ಮಿಷನ್ ಬದಲಾವಣೆಯಲ್ಲೇ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸಾಕಣೆಗೆ ಬಂಡವಾಳದ ಅರ್ಧದಷ್ಟು, ಗರಿಷ್ಠ 50 ಲಕ್ಷ ರೂಪಾಯಿವರೆಗೆ ಸಹಾಯಧನದ ಬಾಗಿಲು ತೆರೆದಿದೆ. ಒಬ್ಬ ವ್ಯಕ್ತಿಗೂ ಉಂಟು, ಸ್ವಸಹಾಯ ಗುಂಪು, ರೈತ ಉತ್ಪಾದಕ ಸಂಘಕ್ಕೂ ಉಂಟು. ಕುದುರೆ ತಳಿ ಉಳಿಸಲು ರಾಜ್ಯಗಳಿಗೂ ನೆರವು ಇದೆ. ಆದರೆ ಯಾವ ತಳಿ ಎಂದು ಅರ್ಜಿಯಲ್ಲಿ ಬರೆಯಬೇಕಾದ ಜಾಗದಲ್ಲಿ ನಮ್ಮ ಕಡೆಯವರು ಏನು ಬರೆಯಬೇಕು? ತಳಿಯ ಹೆಸರಿಲ್ಲದ ತಟ್ಟು ಇಂಥ ಯೋಜನೆಗಳ ಕಣ್ಣಿಗೆ ಬೀಳುವುದೇ ಇಲ್ಲ. ತಳಿ ನೋಂದಣಿಯ ನಿಜವಾದ ಬೆಲೆ ಇಲ್ಲಿದೆ. ಅದರ ಖರ್ಚು ಕುರಿಗಾಹಿಯದಲ್ಲ, ಸರ್ಕಾರದ್ದು, ವಿಶ್ವವಿದ್ಯಾಲಯದ್ದು.

ಕೆಲಸಕ್ಕೆ ಬೇಕಾದ ಅಡಿಪಾಯವೂ ಸಿಕ್ಕಿದೆ. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಜಾನುವಾರು ಗಣತಿ ಮೊದಲ ಸಲ ಅಲೆಮಾರಿ ಪಶುಪಾಲಕರ ಜಾನುವಾರುಗಳ ಮಾಹಿತಿಯನ್ನೂ ಬೇರೆಯಾಗಿ ಕೇಳಿತು. ವಲಸೆ ಕುರಿಗಾಹಿಗಳ ರಕ್ಷಣೆ, ಕಲ್ಯಾಣಕ್ಕೆಂದು 2025ರಲ್ಲಿ ನಮ್ಮ ವಿಧಾನಮಂಡಲ ವಿಧೇಯಕವನ್ನೂ ಅಂಗೀಕರಿಸಿತು. ಇನ್ನು ಬೇಕಾದ್ದು ಅಳತೆ. ನರಗುಂದ, ನವಲಗುಂದ, ರೋಣದ ಎರೆಹೊಲಗಳಲ್ಲಿ ಹಟ್ಟಿಗಳು ಒತ್ತಾಗಿ ಬೀಡುಬಿಡುವ ಸುಗ್ಗಿಯ ನಂತರದ ತಿಂಗಳುಗಳೇ ಇದಕ್ಕೆ ಸರಿಯಾದ ಕಾಲ. ಭೀಮಥಡಿಯ ಅಳತೆ ಈಗಾಗಲೇ ಕಡತದಲ್ಲಿದೆ. ನಮ್ಮ ತಟ್ಟಿನ ಎತ್ತರ, ಮೈಯುದ್ದ, ಎದೆ ಸುತ್ತಳತೆ, ರಕ್ತ ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಎರಡರಲ್ಲಿ ಒಂದು. ಅದೇ ತಳಿಯಾದರೆ ತವರು ಪ್ರದೇಶದ ನಕಾಶೆಗೆ ಕರ್ನಾಟಕದ ಜಿಲ್ಲೆಗಳೂ ಸೇರಬೇಕು. ಬೇರೆಯಾದರೆ ಒಂಬತ್ತನೆಯ ಕುದುರೆಗೆ ಅರ್ಜಿ ಇಲ್ಲಿಂದಲೇ ಹೋಗಬೇಕು.

ಅಲ್ಲಿಯವರೆಗೆ ತಟ್ಟಿನ ಒಡೆಯರು ದಲ್ಲಾಳಿಗೆ ದುಡ್ಡು ಕೊಟ್ಟು ಮಾಡಿಸಬೇಕಾದ ಕಾಗದ ಯಾವುದೂ ಇಲ್ಲ. ಹುಡುಗರ ಮೊಬೈಲ್ ಸಾಕು. ಪ್ರತಿ ಕುದುರೆಯ ಎರಡೂ ಮಗ್ಗುಲು, ಹಣೆಯ ಸುಳಿ, ನಾಲ್ಕು ಕಾಲು, ಹಗಲ ಬೆಳಕಿನಲ್ಲಿ ತೆಗೆದ ಫೋಟೊ. ಒಂದು ನೋಟ್‌ಬುಕ್ಕಿನಲ್ಲಿ ಮರಿ ಹಾಕಿದ ದಿನ, ತಾಯಿ ಯಾವುದು, ಗಂಡು ಯಾವ ಹಟ್ಟಿಯದು, ಯಾರಿಗೆ ಎಷ್ಟಕ್ಕೆ ಕೊಟ್ಟದ್ದು. ಹೆಣ್ಣು ಕುದುರೆ ಮೂರು ವರ್ಷಕ್ಕೆ ಗಂಡಿಗೆ ಬರುತ್ತದೆ, ಗಬ್ಬ ಹನ್ನೊಂದು ತಿಂಗಳು, ಅಂದರೆ ಒಂದು ತಲೆಮಾರಿಗೆ ಹೆಚ್ಚುಕಡಿಮೆ ನಾಲ್ಕು ವರ್ಷ. ಮೂರು ತಲೆಮಾರಿನ ದಾಖಲೆ ಕೈಯಲ್ಲಿರಬೇಕಾದರೆ ಹನ್ನೆರಡು ವರ್ಷ ಬೇಕು, ಅದರ ಎಣಿಕೆ ಈ ಸುಗ್ಗಿಯಲ್ಲಿ ಹುಟ್ಟಿದ ಮರಿಯಿಂದಲೇ ಶುರು ಮಾಡಬಹುದು.